ಹಿತ್ತಲಿನ ಮೀನುಕೊಳ ಇದ್ದಕ್ಕಿದ್ದಂತೆ ಬರಿದಾಗದಂತೆ ತಡೆಯುವ ಕ್ರಮ

ಮೀನುಕೊಳದಲ್ಲಿ ನೀರು ಇಳಿದದ್ದು ಕಂಡಾಗ ಹೆಚ್ಚಿನವರ ಅನುಮಾನ ಮೊದಲು ಹೋಗುವುದು ತಳದ ಲೈನರ್ ಹಾಳೆಯ ಮೇಲೆ ಅಥವಾ ಗಾರೆಯ ಬಿರುಕಿನ ಮೇಲೆ. ಆದರೆ ಸಣ್ಣ ತೂತಿನಿಂದಲೋ ಬಿರುಕಿನಿಂದಲೋ ಸೋರುವ ನೀರು ಸಾಮಾನ್ಯವಾಗಿ ನಿಧಾನವಾಗಿ ಹೋಗುತ್ತದೆ. ಅದನ್ನು ಗಮನಿಸಿ, ಜಾಗ ಹುಡುಕಿ, ಮುಚ್ಚಲು ಕೆಲವು ದಿನಗಳ ಕಾಲಾವಕಾಶ ಇರುತ್ತದೆ. ರಾತ್ರಿ ತುಂಬಿದ್ದ ಕೊಳದ ತಳ ಬೆಳಿಗ್ಗೆ ಕಾಣುವಂತಾಗಿದ್ದರೆ ಕಾರಣ ಬಹುಪಾಲು ಬೇರೆಯೇ ಆಗಿರುತ್ತದೆ: ನೀರನ್ನು ಕೊಳದಿಂದ ಒಯ್ದು, ಶುದ್ಧಗೊಳಿಸಿ, ಮತ್ತೆ ಕೊಳಕ್ಕೇ ತಂದು ಸುರಿಯಬೇಕಾದ ಪಂಪ್, ಹೋಸ್, ಫಿಲ್ಟರ್ ಮತ್ತು ವಾಲ್ವ್‌ಗಳ ವ್ಯವಸ್ಥೆಯು ಒಯ್ಯುವ ಕೆಲಸವನ್ನಷ್ಟೇ ಮಾಡಿ, ತರುವ ಕೆಲಸವನ್ನು ಎಲ್ಲೋ ಒಂದು ಕಡೆ ನಿಲ್ಲಿಸಿಬಿಟ್ಟಿರುತ್ತದೆ.

ಕ್ಲಿಪ್ ಬಿಗಿಯಾಗಿರಬೇಕು, ವಾಲ್ವ್ ಮುಚ್ಚಲು ಮರೆಯಬಾರದು ಎಂಬ ಎಚ್ಚರಿಕೆಗಳು ಸರಿಯಾದವೇ. ಆದರೆ ರಬ್ಬರ್ ಹಳತಾಗುತ್ತದೆ, ಮನುಷ್ಯ ಮರೆಯುತ್ತಾನೆ. ಆದ್ದರಿಂದ ಯಾವ ಭಾಗವೂ ಕೆಡಬಾರದು ಎಂದು ಹಟ ಹಿಡಿಯುವುದಕ್ಕಿಂತ, ಯಾವ ಭಾಗ ಕೆಟ್ಟರೂ ಮೀನುಗಳು ಬದುಕಿ ಉಳಿಯುವಷ್ಟು ನೀರು ಕೊಳದಲ್ಲೇ ನಿಲ್ಲುವಂತೆ ಜೋಡಣೆಯನ್ನು ಮಾಡಿಕೊಳ್ಳುವುದು ಹೆಚ್ಚು ಜಾಣತನದ ಕೆಲಸ. ಕೊಳಕ್ಕೆ ಸೇರಿದ ಪ್ರತಿಯೊಂದು ಸಾಧನದ ಮುಂದೆ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಇದು ಈಗ ಕೈಕೊಟ್ಟರೆ ನೀರಿನ ಮಟ್ಟ ಎಲ್ಲಿಗೆ ಬಂದು ನಿಲ್ಲುತ್ತದೆ?

ಮೊದಲನೆಯ ಹೆಜ್ಜೆ: ಕೊಳದ ಲೆಕ್ಕ ಬರೆದಿಟ್ಟುಕೊಳ್ಳಿ

ಕೊಳದ ಉದ್ದ, ಅಗಲ ಮತ್ತು ಸರಾಸರಿ ಆಳವನ್ನು ಮೀಟರ್‌ಗಳಲ್ಲಿ ಅಳೆದು ಗುಣಿಸಿ, ಬಂದ ಸಂಖ್ಯೆಯನ್ನು ಮತ್ತೆ 1000ದಿಂದ ಗುಣಿಸಿದರೆ ಕೊಳದಲ್ಲಿ ಎಷ್ಟು ಲೀಟರ್ ನೀರಿದೆ ಎಂಬುದು ತಿಳಿಯುತ್ತದೆ. 3 ಮೀಟರ್ ಉದ್ದ, 2 ಮೀಟರ್ ಅಗಲ, 60 ಸೆಂಟಿಮೀಟರ್ ಆಳ ಇರುವ ನೇರ ಗೋಡೆಯ ಕೊಳದಲ್ಲಿ 3,600 ಲೀಟರ್ ನೀರಿರುತ್ತದೆ. ಇದೇ ಕೊಳದ ಮೇಲ್ಮೈ 6 ಚದರ ಮೀಟರ್ ಇರುವುದರಿಂದ, ಮಟ್ಟವು 1 ಸೆಂಟಿಮೀಟರ್ ಇಳಿಯಿತೆಂದರೆ 60 ಲೀಟರ್ ನೀರು ಹೋಯಿತೆಂದು ಅರ್ಥ.

ಈಗ ಪಂಪಿನ ಮೇಲೆ ಬರೆದಿರುವ ಪ್ರಮಾಣವನ್ನು ನೋಡಿ. ಗಂಟೆಗೆ 3,000 ಲೀಟರ್ ಎಂದಿದ್ದರೆ ಅದು ನೀರನ್ನು ಎತ್ತರಕ್ಕೆ ದೂಡುವ ಹೊರೆ ಇಲ್ಲದಿರುವಾಗಿನ ಗರಿಷ್ಠ ಪ್ರಮಾಣ. ಫಿಲ್ಟರಿಗೋ ಸಣ್ಣ ಜಲಪಾತಕ್ಕೋ ನೀರನ್ನು ಏರಿಸುವಾಗ ಅದು ಅಷ್ಟು ಕೊಡುವುದಿಲ್ಲ. ಆದರೆ ಹೋಸ್ ಕಳಚಿ ನೆಲಕ್ಕೆ ಬಿದ್ದ ಕ್ಷಣದಲ್ಲಿ ಆ ಹೊರೆ ಇಳಿದುಹೋಗಿ, ಪಂಪ್ ತನ್ನ ಗರಿಷ್ಠಕ್ಕೆ ಹತ್ತಿರವಾಗುತ್ತದೆ. ಅಂದರೆ ಅವಘಡದ ಹೊತ್ತಿನಲ್ಲೇ ಪಂಪ್ ಅತ್ಯಂತ ಚುರುಕಾಗಿ ಕೆಲಸ ಮಾಡುತ್ತದೆ. ಈ ಉದಾಹರಣೆಯ ಕೊಳ 72 ನಿಮಿಷಗಳಲ್ಲಿ ಬರಿದಾಗಬಲ್ಲದು. ಒಮ್ಮೆ ಪೇಟೆಗೆ ಹೋಗಿ ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಈ ಲೆಕ್ಕವನ್ನು ನಿಮ್ಮ ಕೊಳಕ್ಕೆ ಮಾಡಿ ನೋಡಿದ ಮೇಲೆ, ‘ದಿನಕ್ಕೊಮ್ಮೆ ನೋಡಿಕೊಂಡರೆ ಸಾಕು’ ಎಂಬ ಮಾತಿನ ಮೇಲೆ ನಿಮಗೆ ನಂಬಿಕೆ ಉಳಿಯಲಾರದು.

ಕೊನೆಯದಾಗಿ, ಕೊಳದ ಸಾಮಾನ್ಯ ಮಟ್ಟವನ್ನು ತೋರಿಸುವ ಗುರುತೊಂದನ್ನು ಅಂಚಿನ ಕಲ್ಲಿನ ಮೇಲೆ ಬಣ್ಣದಿಂದ ಎಳೆಯಿರಿ. ಮನೆಯಿಂದ ಹೊರಗೆ ಕಾಲಿಟ್ಟಾಗಲೇ ಕಣ್ಣಿಗೆ ಬೀಳುವ ಕಡೆ ಅದು ಇರಲಿ. ಬಗ್ಗಿ ನೋಡಬೇಕಾದ ಗುರುತನ್ನು ಹದಿನೈದು ದಿನಗಳ ನಂತರ ಯಾರೂ ನೋಡುವುದಿಲ್ಲ.

ಎರಡನೆಯ ಹೆಜ್ಜೆ: ಆವಿಯೋ ಸೋರಿಕೆಯೋ ತಿಳಿದುಕೊಳ್ಳಿ

ಬಿಸಿಲು ಮತ್ತು ಒಣಗಾಳಿ ಇರುವ ದಿನಗಳಲ್ಲಿ ತೆರೆದ ಕೊಳದ ನೀರು ದಿನಕ್ಕೆ ಕೆಲವು ಮಿಲಿಮೀಟರ್‌ಗಳಿಂದ ಹಿಡಿದು ಸುಮಾರು 1 ಸೆಂಟಿಮೀಟರ್‌ವರೆಗೆ ಆವಿಯಾಗಿಯೇ ಇಳಿಯಬಹುದು. ಜಲಪಾತ, ಕಾರಂಜಿಗಳಿದ್ದರೆ ಇನ್ನೂ ಹೆಚ್ಚು. ಇದು ಸಹಜವಾದ ನಷ್ಟ. ಇದರ ಮರೆಯಲ್ಲಿ ನಿಜವಾದ ಸೋರಿಕೆ ಅಡಗಿರಬಾರದು ಎಂಬುದಕ್ಕಾಗಿ ಬಕೆಟ್ ಪರೀಕ್ಷೆ ಮಾಡಬೇಕು. ಬಕೆಟ್ಟಿನ ತಳಕ್ಕೆ ಕಲ್ಲಿಟ್ಟು ಕೊಳದ ಮೆಟ್ಟಿಲಿನ ಮೇಲೋ ಇಟ್ಟಿಗೆಯ ಮೇಲೋ ನಿಲ್ಲಿಸಿ, ಅದರ ಬಾಯಿ ನೀರಿನಿಂದ ಮೇಲಿರುವಂತೆ ನೋಡಿಕೊಂಡು, ಒಳಗಿನ ನೀರು ಹೊರಗಿನ ನೀರಿನ ಸಮಕ್ಕೆ ಬರುವಂತೆ ಕೊಳದ ನೀರನ್ನೇ ತುಂಬಿ, ಒಳಗೊಂದು ಹೊರಗೊಂದು ಗೆರೆ ಎಳೆಯಿರಿ. ಮಳೆ ಇಲ್ಲದ ದಿನ, ಪಂಪ್ ನಿಲ್ಲಿಸಿ, 24 ಗಂಟೆಗಳ ನಂತರ ನೋಡಿ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಅದು ಆವಿಯಾದದ್ದು; ಬಕೆಟ್ಟಿನ ಹೊರಗಿನ ಮಟ್ಟ ಹೆಚ್ಚು ಇಳಿದಿದ್ದರೆ ಕೊಳದ ಮೈಯಲ್ಲೇ ಎಲ್ಲೋ ದಾರಿ ಇದೆ. ಮೀನುಗಳು ಹೆಚ್ಚಾಗಿದ್ದರೆ ಪಂಪ್ ನಿಂತಿರುವ ಅಷ್ಟೂ ಹೊತ್ತು, ನೀರಿಗೆ ಗಾಳಿಗುಳ್ಳೆ ಬಿಡುವ ಗಾಳಿ ಪಂಪ್ ಓಡುತ್ತಿರಲಿ.

ಪಂಪ್ ನಿಂತಾಗ ಮಟ್ಟ ಇಳಿಯದೆ, ಓಡುವಾಗ ಮಾತ್ರ ಇಳಿಯುತ್ತಿದ್ದರೆ ಲೈನರನ್ನು ಅನುಮಾನಿಸುವ ಅಗತ್ಯವೇ ಇಲ್ಲ. ತಪ್ಪು ಪೈಪ್, ಫಿಲ್ಟರ್ ಅಥವಾ ಜಲಪಾತದ ದಾರಿಯಲ್ಲಿದೆ. ಎರಡು ಸ್ಥಿತಿಗಳಲ್ಲೂ ಇಳಿಯುತ್ತಿದ್ದರೆ ಪಂಪ್ ನಿಲ್ಲಿಸಿ, ಮೀನುಗಳಿಗೆ ಅಪಾಯವಾಗದ ಮಟ್ಟದವರೆಗೆ ನೀರು ತಾನಾಗಿ ಇಳಿಯಲು ಬಿಡಿ. ಅದು ಎಲ್ಲಿ ಬಂದು ನಿಲ್ಲುತ್ತದೋ ಆ ಮಟ್ಟದ ಸುತ್ತಳತೆಯಲ್ಲೇ ತೂತು ಇರುತ್ತದೆ. ನಿಂತ ನೀರಿನಲ್ಲಿ ಆ ಗೆರೆಯುದ್ದಕ್ಕೂ ಅಡುಗೆಗೆ ಬಳಸುವ ಬಣ್ಣದ ಒಂದೆರಡು ಹನಿಗಳನ್ನು ಗೋಡೆಗೆ ಹತ್ತಿರವಾಗಿ ಬಿಡುತ್ತ ಬಂದರೆ, ಬಣ್ಣದ ಎಳೆ ಒಂದು ಕಡೆ ಹರಡುವುದನ್ನು ಬಿಟ್ಟು ಗೋಡೆಯೊಳಕ್ಕೆ ಸೆಳೆದುಕೊಂಡು ಹೋಗುವುದು ಕಾಣುತ್ತದೆ.

ಮೂರನೆಯ ಹೆಜ್ಜೆ: ಪಂಪ್ ತಳ ಮುಟ್ಟದಿರಲಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಪ್ರಯೋಜನ ಕೊಡುವ, ಅತಿ ಕಡಿಮೆ ಖರ್ಚಿನ ಹೆಜ್ಜೆ ಇದು. ನೀರೊಳಗೆ ಮುಳುಗಿರುವ ಪಂಪನ್ನು ಕೊಳದ ಅತ್ಯಂತ ಆಳದ ಜಾಗದಲ್ಲಿ ಇಡುವ ರೂಢಿ ಇದೆ. ತಳದ ಕೆಸರನ್ನು ಎಳೆದುಕೊಳ್ಳುತ್ತದೆ ಎಂಬುದು ಅದಕ್ಕೆ ಕಾರಣ. ಆದರೆ ಪಂಪಿನ ಬಾಯಿ ಎಲ್ಲಿದೆಯೋ ಅಲ್ಲಿಯವರೆಗಿನ ನೀರೆಲ್ಲ ಹೊರಹೋಗುವ ಸಾಧ್ಯತೆ ಇದ್ದೇ ಇರುತ್ತದೆ. ಪಂಪನ್ನು ಇಟ್ಟಿಗೆಗಳ ಅಥವಾ ಗಟ್ಟಿಯಾದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಎತ್ತಿ ಕೂರಿಸಿ, ಅದರ ಬಾಯಿ ತಳದಿಂದ 40 ಸೆಂಟಿಮೀಟರ್ ಮೇಲೆ ಬರುವಂತೆ ಮಾಡಿದರೆ, ಮೇಲಿನ ಉದಾಹರಣೆಯ ಕೊಳದಲ್ಲಿ ಹೋಸ್ ಪೂರ್ತಿ ಕಳಚಿದರೂ 1,200 ಲೀಟರ್ ಮಾತ್ರ ಹೋಗಿ, 2,400 ಲೀಟರ್ ಉಳಿಯುತ್ತದೆ. ಮೀನುಗಳಿಗೆ ಅದು ಇಕ್ಕಟ್ಟಿನ ದಿನವಾದೀತು, ಆದರೆ ಕೊನೆಯ ದಿನವಾಗುವುದಿಲ್ಲ. ಕ್ರೇಟಿನ ಅಡಿಗೆ ದಪ್ಪ ರಬ್ಬರ್ ಚಾಪೆಯ ತುಂಡನ್ನು ಹಾಸಬೇಕು. ಇಲ್ಲದಿದ್ದರೆ ಅದರ ಮೂಲೆಗಳೇ ಲೈನರನ್ನು ಒತ್ತಿ ಕೊರೆಯುತ್ತವೆ.

ಹೀಗೆ ಎತ್ತಿದರೆ ತಳದಲ್ಲಿ ಕೆಸರು ಕೂರುತ್ತದೆ ಎಂಬ ಆಕ್ಷೇಪ ನಿಜವಾದದ್ದೇ. ತಿಂಗಳಿಗೊಮ್ಮೆ ಕೆಸರನ್ನು ಬಲೆಯಿಂದಲೋ ಕೊಳಕ್ಕೆಂದೇ ಇರುವ ವ್ಯಾಕ್ಯೂಮಿನಿಂದಲೋ ತೆಗೆಯುವ ಶ್ರಮ, ಒಂದು ರಾತ್ರಿಯಲ್ಲಿ ಎಲ್ಲ ಮೀನುಗಳನ್ನು ಕಳೆದುಕೊಳ್ಳುವುದಕ್ಕಿಂತ ಹಗುರವಾದದ್ದು ಎಂಬುದು ನನ್ನ ಅಭಿಪ್ರಾಯ. ಮೇಲ್ಮೈಯ ಎಲೆ, ಕಸವನ್ನು ಸೆಳೆದುಕೊಳ್ಳುವ ಸ್ಕಿಮ್ಮರ್ ಪೆಟ್ಟಿಗೆಯೊಳಗೆ ಪಂಪ್ ಇದ್ದರೆ ಈ ರಕ್ಷಣೆ ತಾನಾಗಿಯೇ ಸಿಕ್ಕಿಬಿಡುತ್ತದೆ, ಏಕೆಂದರೆ ಕೊಳದ ಮಟ್ಟ ಪೆಟ್ಟಿಗೆಯ ಬಾಯಿಗಿಂತ ಕೆಳಗಿಳಿದ ಮೇಲೆ ಒಳಗೆ ನೀರೇ ಬರುವುದಿಲ್ಲ.

ಅಲ್ಲಿಗೆ ಇನ್ನೊಂದು ತೊಂದರೆ ಹುಟ್ಟುತ್ತದೆ: ನೀರಿಲ್ಲದೆ ಓಡುವ ಪಂಪ್ ಬಿಸಿಯಾಗಿ ಸುಟ್ಟುಹೋಗಬಹುದು. ಆದ್ದರಿಂದ ಫ್ಲೋಟ್ ಸ್ವಿಚ್ ಇರುವ ಪಂಪ್ ಒಳ್ಳೆಯದು. ನೀರು ಇಳಿದಂತೆ ತೇಲುಬುಂಡೆಯೂ ಇಳಿದು, ನಿಗದಿಯಾದ ಮಟ್ಟದಲ್ಲಿ ವಿದ್ಯುತ್ ಕಡಿತಗೊಳಿಸುತ್ತದೆ. ಕೇಬಲಿನ ತುದಿಯಲ್ಲಿ ತೂಗುವ ತೇಲುಬುಂಡೆಗೆ ಸುತ್ತಲೂ ಆಡಲು ಜಾಗ ಬೇಕು. ಸಣ್ಣ ಕೊಳದಲ್ಲಿ ಅದು ಗೋಡೆಗೋ ಗಿಡದ ಕುಂಡಕ್ಕೋ ಸಿಕ್ಕಿಕೊಂಡು ಮೇಲೆಯೇ ನಿಂತುಬಿಡುತ್ತದೆ, ಪಂಪ್ ಓಡುತ್ತಲೇ ಇರುತ್ತದೆ. ಇಕ್ಕಟ್ಟಿನ ಜಾಗಕ್ಕೆ ನೇರವಾದ ಕಂಬಿಯ ಮೇಲೆ ಏರಿಳಿಯುವ ಬಗೆಯ ಸ್ವಿಚ್ ಹೊಂದುತ್ತದೆ. ಯಾವ ಬಗೆಯದಾದರೂ ಪಾಚಿ ಅಂಟಿ ಬಿಗಿಯಾಗುತ್ತದೆ ಎಂಬುದನ್ನು ಮರೆಯದೆ, ಫಿಲ್ಟರ್ ತೊಳೆಯುವ ದಿನವೇ ಅದನ್ನೂ ಒರೆಸಿ, ಕೆಳಗಿಳಿಸಿ, ಪಂಪ್ ನಿಲ್ಲುವುದನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಕೊಳದ ಎಲ್ಲ ವಿದ್ಯುತ್ ಸಾಧನಗಳೂ 30 ಮಿಲಿಆಂಪಿಯರ್ ವಿದ್ಯುತ್ ಸೋರಿಕೆಗೇ ಕಡಿತಗೊಳ್ಳುವ ರಕ್ಷಣಾ ಸ್ವಿಚ್ಚಿನ ಮೂಲಕವೇ ಹೋಗಬೇಕು, ಮತ್ತು ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿರಬೇಕು.

ನಾಲ್ಕನೆಯ ಹೆಜ್ಜೆ: ನೀರು ಹಿಂದಿರುಗುವ ದಾರಿಯನ್ನು ಕೊಳದ ಮೇಲೆಯೇ ಇರಿಸಿ

ಹೋಸ್ ಕಳಚುವುದು ಹೆಚ್ಚಾಗಿ ಅದರ ತುದಿಯಲ್ಲಿ. ಪಂಪಿನ ಮೂತಿಗೆ ತೊಡಿಸಿದ ಭಾಗವನ್ನು ಬೆರಳಿನಿಂದ ಒತ್ತಿ ನೋಡಿ: ಹೊಸದಾಗಿದ್ದಾಗ ಮೆತ್ತಗಿದ್ದು ಮೂತಿಯ ಏಣುಗಳನ್ನು ಅಪ್ಪಿಕೊಂಡಿದ್ದ ಪ್ಲಾಸ್ಟಿಕ್, ಬಿಸಿಲಿಗೆ ಬಿಳಿಚಿ, ಗಡಸಾಗಿ, ಕ್ಲಿಪ್ಪಿನ ಅಡಿಯಲ್ಲಿ ಬಳೆಯಂತಹ ಅಚ್ಚು ಮೂಡಿ, ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತದೆ. ಹೊರಗಿನಿಂದ ಕ್ಲಿಪ್ ಬಿಗಿಯಾಗಿಯೇ ಕಾಣುತ್ತದೆ, ತಿರುಪು ಇನ್ನು ತಿರುಗುವುದೂ ಇಲ್ಲ, ಆದರೆ ಒಳಗೆ ಹಿಡಿತವಿಲ್ಲ. ಇಂತಹ ತುದಿಯನ್ನು ಮತ್ತಷ್ಟು ಬಿಗಿ ಮಾಡಿ ಪ್ರಯೋಜನವಿಲ್ಲ. ಆ ಭಾಗವನ್ನು ನೇರವಾಗಿ ಕತ್ತರಿಸಿ ತೆಗೆದು, ಹೊಸ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಮೂತಿಯ ಬುಡದವರೆಗೆ ತೊಡಿಸಿ, ಎರಡು ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್‌ಗಳನ್ನು ತಿರುಪುಗಳು ಎದುರುಬದುರಾಗಿ ಬರುವಂತೆ ಹಾಕಬೇಕು. ಹೋಸಿನ ಅಳತೆ ಮೂತಿಯ ಅಳತೆಗೆ ಸರಿಯಾಗಿರಬೇಕು. ದೊಡ್ಡ ಹೋಸನ್ನು ಟೇಪ್ ಸುತ್ತಿ ಕೂರಿಸುವುದು ಅವಘಡವನ್ನು ಮುಂದೂಡುತ್ತದೆಯೇ ಹೊರತು ತಪ್ಪಿಸುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕಳಚಿದರೆ ನೀರು ಎಲ್ಲಿ ಬೀಳಬೇಕು ಎಂಬುದನ್ನು ನೀವೇ ನಿರ್ಧರಿಸಬಹುದು. ಸಾಧ್ಯವಿದ್ದಷ್ಟು ಜೋಡಣೆಗಳು ಕೊಳದ ನೀರಿನೊಳಗೆ ಅಥವಾ ಅದರ ನೇರ ಮೇಲ್ಭಾಗದಲ್ಲಿ ಇರಲಿ. ಅಲ್ಲಿ ಕಳಚಿದರೆ ನೀರು ಕೊಳಕ್ಕೇ ಬೀಳುತ್ತದೆ, ಜಲಪಾತ ನಿಂತದ್ದರಿಂದ ನಿಮಗೆ ಸುದ್ದಿಯೂ ಮುಟ್ಟುತ್ತದೆ. ಪೆಟ್ಟಿಗೆ ಬಗೆಯ ಫಿಲ್ಟರ್ ಕೊಳದಿಂದ ದೂರ, ಗಿಡಗಳ ಹಿಂದೆ ಇದ್ದರೆ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಒಳಗಿನ ಸ್ಪಂಜು ಕೆಸರಿನಿಂದ ಕಟ್ಟಿಕೊಂಡಾಗ ನೀರು ಮುಚ್ಚಳದಡಿಯಿಂದ ಉಕ್ಕಿ ಮಣ್ಣಿಗೆ ಇಂಗಿಹೋಗುತ್ತದೆ, ಮತ್ತು ಗಿಡಗಳ ಹಿಂದೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಫಿಲ್ಟರನ್ನು ಅಂಚಿನ ಮೇಲೆಯೇ, ಕೊಳದ ಕಡೆಗೆ ತುಸು ಇಳಿಜಾರಾಗಿ ಕೂರಿಸಿ. ದೂರವೇ ಇಡಬೇಕಾಗಿ ಬಂದರೆ ಅದರ ಅಡಿಗೆ ಲೈನರಿನ ತುಂಡನ್ನು ತಟ್ಟೆಯಂತೆ ಅಂಚು ಮಡಿಸಿ ಹಾಸಿ, ಉಕ್ಕಿದ ನೀರು ಹರಿದು ಕೊಳಕ್ಕೇ ಬರುವಂತೆ ಓಟ ಕೊಡಿ. ಮುಚ್ಚಳವನ್ನು ಒತ್ತಡದಿಂದ ಬಿಗಿದ ಫಿಲ್ಟರ್‌ಗಳಲ್ಲಿ ಮತ್ತು ಅತಿನೇರಳೆ ದೀಪದ ಘಟಕಗಳಲ್ಲಿ ರಬ್ಬರ್ ಉಂಗುರವೇ ದುರ್ಬಲ ಭಾಗ. ತೆರೆದಾಗಲೆಲ್ಲ ಅದನ್ನು ಒರೆಸಿ, ಮರಳಿನ ಕಣ ಉಳಿದಿಲ್ಲವೆಂದು ನೋಡಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಮುಚ್ಚಬೇಕು.

ಜಲಪಾತ ಮತ್ತು ತೊರೆಗಳ ವಿಷಯದಲ್ಲಿ ನೀರು ಹನಿಹನಿಯಾಗಿ ಕಳ್ಳದಾರಿ ಹಿಡಿಯುತ್ತದೆ. ಕಲ್ಲುಗಳ ಸಂದಿನಲ್ಲಿ ಎಲೆ ಸಿಕ್ಕಿಕೊಂಡರೆ, ಪಾಚಿ ಬೆಳೆದು ಹರಿವಿನ ಮಟ್ಟ ಏರಿದರೆ, ಲೈನರಿನ ಅಂಚು ಒಂದು ಕಡೆ ಕುಸಿದರೆ ಸಾಕು. ಪಂಪ್ ಓಡುತ್ತಿರುವಾಗ ತೊರೆಯ ಎರಡೂ ಬದಿಯ ಮಣ್ಣನ್ನು ಬರಿಗೈಯಿಂದ ಮುಟ್ಟುತ್ತ ಬನ್ನಿ. ಮಳೆಯಿಲ್ಲದ ದಿನ ಒಂದು ಕಡೆಯ ಮಣ್ಣು ಮಾತ್ರ ತಣ್ಣಗೆ, ಒದ್ದೆಯಾಗಿದ್ದರೆ ಅಲ್ಲಿ ಲೈನರಿನ ಅಂಚನ್ನು ಎತ್ತಿ ಅದರ ಹಿಂದೆ ಮಣ್ಣು ತುಂಬಬೇಕು. ಕಾರಂಜಿಯ ಎತ್ತರ, ಅದರ ಮೂತಿಯಿಂದ ಹತ್ತಿರದ ಅಂಚಿಗಿರುವ ದೂರವನ್ನು ಮೀರಬಾರದು. ಗಾಳಿ ಬೀಸುವ ಜಾಗದಲ್ಲಿ ಅದರ ಅರ್ಧವೇ ಸಾಕು.

ಐದನೆಯ ಹೆಜ್ಜೆ: ಸೈಫನ್ನಿಗೆ ಗಾಳಿ ಕೊಡಿ

ಪಂಪ್ ನಿಲ್ಲಿಸಿದ ಮೇಲೂ ನೀರು ಹೋಗುತ್ತಲೇ ಇರಬಹುದು ಎಂಬುದನ್ನು ಬಹಳ ಜನ ನಂಬುವುದಿಲ್ಲ. ನೀರು ತುಂಬಿದ ಪೈಪಿನ ಒಂದು ತುದಿ ಕೊಳದಲ್ಲಿ ಮುಳುಗಿದ್ದು, ಇನ್ನೊಂದು ತುದಿ ಕೊಳದ ಮಟ್ಟಕ್ಕಿಂತ ಕೆಳಗಿನ ನೆಲದಲ್ಲಿ ಬಿದ್ದಿದ್ದರೆ, ಒಳತುದಿಗೆ ಗಾಳಿ ಸಿಗುವವರೆಗೂ ನೀರು ತನ್ನ ಭಾರದಿಂದಲೇ ಹರಿಯುತ್ತದೆ. ಇದನ್ನೇ ಸೈಫನ್ ಎನ್ನುವುದು. ಹೋಸ್ ಕಳಚಿದ್ದನ್ನು ನೋಡಿ ಸ್ವಿಚ್ ಆರಿಸಿ ಸಮಾಧಾನದಿಂದ ಒಳಗೆ ಹೋದವರ ಕೊಳವೂ ಹೀಗೆ ಇಳಿಯುತ್ತದೆ. ಇದಕ್ಕೆ ಪರಿಹಾರ ಒಂದು ಸಣ್ಣ ತೂತು. ಪಂಪಿನಿಂದ ಹೊರಡುವ ಪೈಪಿನಲ್ಲಿ, ಕೊಳದ ಸಾಮಾನ್ಯ ಮಟ್ಟಕ್ಕಿಂತ ಐದಾರು ಸೆಂಟಿಮೀಟರ್ ಕೆಳಗೆ, 3ರಿಂದ 5 ಮಿಲಿಮೀಟರ್ ಅಗಲದ ತೂತನ್ನು ಕೊರೆಯಿರಿ. ಪಂಪ್ ಓಡುವಾಗ ಅದರಿಂದ ನೀರಿನೊಳಗೇ ಸಣ್ಣ ಚಿಲುಮೆ ಹೊರಡುತ್ತದೆ, ಅದರಿಂದ ನಷ್ಟವಿಲ್ಲ. ಪಂಪ್ ನಿಂತು, ಸೈಫನ್ ಶುರುವಾಗಿ, ಮಟ್ಟ ತೂತಿನವರೆಗೆ ಇಳಿದೊಡನೆ ಗಾಳಿ ಒಳನುಗ್ಗಿ ಹರಿವು ತುಂಡಾಗುತ್ತದೆ. ಈ ತೂತು ಓಡುತ್ತಿರುವ ಪಂಪನ್ನು ತಡೆಯುವುದಿಲ್ಲ ಎಂಬುದು ನೆನಪಿರಲಿ. ಆ ಕೆಲಸ ಮೂರನೆಯ ಹೆಜ್ಜೆಯದು. ಪಾಚಿಯಿಂದ ಅದು ಮುಚ್ಚಿಕೊಳ್ಳುವುದರಿಂದ ಆಗಾಗ ಕಡ್ಡಿಯಿಂದ ಬಿಡಿಸಬೇಕು.

ಇದರ ತಿರುವುಮುರುವು ರೂಪವೂ ಇದೆ. ಜಲಪಾತದ ಮೇಲಿನ ತೊಟ್ಟಿಯಲ್ಲಿ ಪೈಪಿನ ತುದಿ ಮುಳುಗಿದ್ದರೆ, ವಿದ್ಯುತ್ ಹೋದಾಗ ಆ ತೊಟ್ಟಿಯ ನೀರೆಲ್ಲ ಪಂಪಿನ ಮೂಲಕ ಹಿಂದಕ್ಕೆ ಹರಿದು ಕೊಳಕ್ಕೆ ಬರುತ್ತದೆ. ಕೊಳ ಅದಾಗಲೇ ಅಂಚಿನವರೆಗೆ ತುಂಬಿದ್ದರೆ ಅಷ್ಟೂ ನೀರು ಹೊರಚೆಲ್ಲುತ್ತದೆ; ವಿದ್ಯುತ್ ಬಂದಾಗ ಪಂಪ್ ಮೇಲಿನ ತೊಟ್ಟಿಯನ್ನು ಮತ್ತೆ ತುಂಬಿಸುವುದರಿಂದ ಕೊಳದ ಮಟ್ಟ ಕುಸಿಯುತ್ತದೆ; ಮನೆಯವರು ಸೋರಿಕೆ ಎಂದುಕೊಂಡು ಮತ್ತೆ ಅಂಚಿನವರೆಗೆ ತುಂಬುತ್ತಾರೆ; ಮುಂದಿನ ಸಲ ವಿದ್ಯುತ್ ಹೋದಾಗ ಅದೇ ಕಥೆ. ಮೇಲಿನ ತುದಿಯನ್ನು ನೀರಿನಿಂದ ಮೇಲೆ ನಿಲ್ಲಿಸಿ ಅಥವಾ ಪಂಪಿನ ಬಳಿ, ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿ. ಅದಕ್ಕಿಂತ ಮುಖ್ಯವಾಗಿ, ಪಂಪ್ ನಿಲ್ಲಿಸಿ ಹರಿವೆಲ್ಲ ಇಳಿದು ಬಂದ ಮೇಲೆ ಕೊಳ ಎಷ್ಟು ತುಂಬುತ್ತದೆ ಎಂಬುದನ್ನು ನೋಡಿ ಗುರುತು ಹಾಕಿ, ಆ ಗುರುತು ಅಂಚಿಗಿಂತ ಕನಿಷ್ಠ 5 ಸೆಂಟಿಮೀಟರ್ ಕೆಳಗಿರುವಂತೆ ಸಾಮಾನ್ಯ ಮಟ್ಟವನ್ನು ಇಟ್ಟುಕೊಳ್ಳಿ.

ಗಾಳಿ ಪಂಪಿನ ತೆಳು ಕೊಳವೆಯೂ ಸೈಫನ್ ಆಗಬಲ್ಲದು. ಆ ಪಂಪನ್ನು ಕೊಳದ ಮಟ್ಟಕ್ಕಿಂತ ಮೇಲೆ ತೂಗುಹಾಕಿ.

ಆರನೆಯ ಹೆಜ್ಜೆ: ತೂಬು, ವಾಲ್ವ್ ಮತ್ತು ಬ್ಯಾಕ್‌ವಾಶ್

ತಳದಲ್ಲಿ ತೂಬು ಇರುವ ಕೊಳದಲ್ಲಿ ಮೇಲಿನ ಯಾವ ರಕ್ಷಣೆಯೂ ನಡೆಯುವುದಿಲ್ಲ. ಅಲ್ಲಿ ವಾಲ್ವ್ ಒಂದೇ ಕಾವಲು. ಅದರ ಹಿಡಿಕೆಯನ್ನು ಕಳಚಿ ಒಳಗಿಡುವುದು ಅತ್ಯಂತ ಸರಳವಾದ ಉಪಾಯ. ಹಿಡಿಕೆ ಕೈಗೆ ಸಿಗುವಂತಿದ್ದರೆ ಮಕ್ಕಳು ತಿರುಗಿಸುತ್ತಾರೆ, ತೋಟದ ಕೆಲಸಕ್ಕೆ ಬಂದವರು ಗಿಡದ ನಲ್ಲಿ ಎಂದುಕೊಂಡು ತಿರುಗಿಸುತ್ತಾರೆ. ವಾಲ್ವ್‌ನ ಹೊರತುದಿಗೆ ತಿರುಪಿನ ಮುಚ್ಚಳವನ್ನೂ ಹಾಕಿದರೆ, ವಾಲ್ವ್ ಒಳಗೆ ಕಸ ಸಿಕ್ಕಿ ಪೂರ್ತಿ ಮುಚ್ಚದಿದ್ದರೂ ನೀರು ನಿಲ್ಲುತ್ತದೆ. ತೂಬಿನ ಮೇಲೆ ನಿಲ್ಲಿಸಿದ ಪೈಪೇ ಕೋಡಿಯಾಗಿರುವ ಕೊಳಗಳಲ್ಲಿ, ಆ ಪೈಪ್ ಬಿದ್ದರೆ ಕೊಳ ಪೂರ್ತಿ ಬರಿದಾಗುತ್ತದೆ; ಅದನ್ನು ಗೋಡೆಗೆ ಪಟ್ಟಿಯಿಂದ ಬಿಗಿಯಿರಿ.

ಫಿಲ್ಟರಿನ ಕೊಳೆಯನ್ನು ಹೊರದೂಡುವ ಬ್ಯಾಕ್‌ವಾಶ್ ಕೆಲಸದಲ್ಲಿ ಪಂಪ್ ಬೇಕೆಂದೇ ಕೊಳದ ನೀರನ್ನು ಚರಂಡಿಗೆ ಕಳಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ಫೋನ್ ಬಂದು ಒಳಗೆ ಹೋದರೆ ಮುಂದಿನದು ಹೇಳಬೇಕಾಗಿಲ್ಲ. ನಿಯಮ ಕಠಿಣವಾಗಿರಲಿ: ಬ್ಯಾಕ್‌ವಾಶ್ ಹಿಡಿಕೆ ತಿರುಗಿಸಿದವರು ಅದನ್ನು ಹಿಂದಿನ ಸ್ಥಾನಕ್ಕೆ ತರುವವರೆಗೂ ಜಾಗ ಬಿಟ್ಟು ಕದಲಬಾರದು. ಇದಕ್ಕೆ ಬೆಂಬಲವಾಗಿ ಹದಿನೈದು ನಿಮಿಷಕ್ಕೆ ತಾನಾಗಿ ನಿಲ್ಲುವ ಟೈಮರಿಗೆ ಆ ಹೊತ್ತು ಪಂಪನ್ನು ಸಿಕ್ಕಿಸಬಹುದು. ಕೊಳದ ಮಟ್ಟದಲ್ಲೇ ಇದ್ದು ನೀರು ತಾನಾಗಿ ಹರಿದುಬರುವ ಫಿಲ್ಟರ್ ತೊಟ್ಟಿಗಳಾದರೆ, ತೊಟ್ಟಿಯ ತೂಬು ತೆರೆಯುವ ಮೊದಲು ಕೊಳದಿಂದ ಬರುವ ವಾಲ್ವ್ ಮುಚ್ಚಿರಬೇಕು. ಈ ಕ್ರಮ ತಪ್ಪಿದರೆ ತೊಟ್ಟಿಯ ಜೊತೆ ಕೊಳವೂ ಖಾಲಿಯಾಗುತ್ತದೆ.

ಏಳನೆಯ ಹೆಜ್ಜೆ: ಅಂಚು, ಕೋಡಿ ಮತ್ತು ಲೈನರ್

ಕೊಳದ ಸುತ್ತಲಿನ ಅಂಚು ಒಂದೇ ಮಟ್ಟದಲ್ಲಿದೆಯೇ ಎಂಬುದನ್ನು ರಸಮಟ್ಟದಿಂದಲೋ ಗಾರೆ ಕೆಲಸದವರು ಬಳಸುವ ನೀರಿನ ಟ್ಯೂಬಿನಿಂದಲೋ ನೋಡಿ. ತಗ್ಗಾದ ಜಾಗ ಎಲ್ಲಿದೆಯೋ ಅದೇ ನಿಮ್ಮ ನಿಜವಾದ ಕೋಡಿ, ನೀವು ಬೇರೆ ಕಡೆ ಪೈಪ್ ಇಟ್ಟಿದ್ದರೂ. ದೊಡ್ಡ ಮಳೆಯಲ್ಲಿ ಅಲ್ಲಿಂದ ಹೊರಬಿದ್ದ ನೀರು ಲೈನರಿನ ಹಿಂದಿನ ಮಣ್ಣನ್ನು ಕೊಚ್ಚಿ, ಅಂಚನ್ನು ಇನ್ನಷ್ಟು ತಗ್ಗಿಸುತ್ತದೆ. ಮಳೆಯ ಮರುದಿನ ಕೊಳ ಮೊದಲಿಗಿಂತ ಕಡಿಮೆ ತುಂಬಿರುವ ವಿಚಿತ್ರ ಕಾಣುವುದು ಹೀಗೆ. ತಗ್ಗನ್ನು ಎತ್ತರಿಸಿ, ನೀವು ಆರಿಸಿದ ಒಂದು ಕಡೆ ಅಗಲವಾದ ಕೋಡಿ ಪೈಪ್ ಇಟ್ಟು, ಮೀನು ಹೊರಹೋಗದಂತೆ ಅದರ ಬಾಯಿಗೆ ಜಾಲರಿ ಕಟ್ಟಬೇಕು. ಜಾಲರಿ ಚಪ್ಪಟೆಯಾಗಿದ್ದರೆ ಒಂದೇ ಎಲೆ ಅದನ್ನು ಮುಚ್ಚಿಬಿಡುತ್ತದೆ. ಬುಟ್ಟಿಯ ಆಕಾರದಲ್ಲಿ ಉಬ್ಬಿರಲಿ.

ಹುಲ್ಲು, ಪಾಚಿ ಅಥವಾ ಗಿಡಗಳ ಬೇರು ಅಂಚನ್ನು ದಾಟಿ ಹೊರಗಿನ ಮಣ್ಣನ್ನೂ ಒಳಗಿನ ನೀರನ್ನೂ ಒಟ್ಟಿಗೆ ಮುಟ್ಟುತ್ತಿದ್ದರೆ, ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಅದು ಹಗಲುರಾತ್ರಿ ನೀರನ್ನು ಹೊರಗೆಳೆಯುತ್ತದೆ. ಲೈನರಿನ ತುದಿ ಅಂಚಿನ ಕಲ್ಲಿನ ಹಿಂದೆ ನೇರವಾಗಿ ಮೇಲಕ್ಕೆ ನಿಂತಿದ್ದು ಮಣ್ಣು ಮತ್ತು ನೀರನ್ನು ಬೇರ್ಪಡಿಸಬೇಕು.

ಲೈನರಿನ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅದರ ಅಡಿಗೆ ದಪ್ಪ ಬಟ್ಟೆಯ ಹಾಸು ಇರಲಿ. ಬಿದಿರಿನಂತಹ ಚೂಪಾದ ಮೊಳಕೆಯ ಗಿಡಗಳು ಕೊಳದ ಬಳಿ ಬೇಡ. ಕುಂಡ, ಕಲ್ಲುಗಳನ್ನು ತಳದಲ್ಲಿ ಎಳೆದಾಡಬೇಡಿ. ನಾಯಿ ನೀರಿಗಿಳಿಯುವ ಅಭ್ಯಾಸ ಇದ್ದರೆ ಒಂದು ಕಡೆ ಚಪ್ಪಡಿಯ ಮೆಟ್ಟಿಲು ಮಾಡಿಕೊಡಿ. ತೇಪೆ ಹಾಕುವಾಗ ಹಾಳೆಯ ಜಾತಿ ಗೊತ್ತಿರಬೇಕು, ಏಕೆಂದರೆ ಇಪಿಡಿಎಂ ರಬ್ಬರಿಗೆ ಅದರದೇ ಪ್ರೈಮರ್ ಮತ್ತು ಟೇಪ್ ಬೇಕು, ಪಿವಿಸಿಗೆ ಪಿವಿಸಿ ಅಂಟು ಬೇಕು, ಎಚ್‌ಡಿಪಿಇ ಹಾಳೆಗೆ ಅಂಟು ಹಿಡಿಯುವುದೇ ಕಷ್ಟವಾದ್ದರಿಂದ ಶಾಖದಿಂದ ಬೆಸೆಯಬೇಕು.

ಎಂಟನೆಯ ಹೆಜ್ಜೆ: ನೀರು ತುಂಬುವ ನಲ್ಲಿಯ ಮೇಲೂ ಕಣ್ಣಿಡಿ

ಮಟ್ಟ ಇಳಿದೊಡನೆ ತಾನಾಗಿ ನೀರು ತುಂಬುವ ಫ್ಲೋಟ್ ವಾಲ್ವ್ ಬಹಳ ಅನುಕೂಲದ್ದು ಎಂದು ಕಾಣುತ್ತದೆ. ಸಣ್ಣ ಮೀನುಕೊಳಕ್ಕೆ ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಸೋರಿಕೆ ಇದ್ದರೂ ಮಟ್ಟ ಇಳಿಯದೆ ಇರುವುದರಿಂದ ನಿಮಗೆ ಅದರ ಸುಳಿವೇ ಸಿಗುವುದಿಲ್ಲ, ಮತ್ತು ಹೋದಷ್ಟೂ ನೀರಿನ ಜಾಗಕ್ಕೆ ಕ್ಲೋರಿನ್ ಬೆರೆತ ನಲ್ಲಿ ನೀರು ಬರುತ್ತಲೇ ಇರುತ್ತದೆ. ಕೊಳ ತುಂಬಿರುವಾಗಲೇ ಮೀನುಗಳು ಸಾಯುವ ಸಂದರ್ಭ ಇದು. ಕೈಯಿಂದ ತುಂಬಿದರೆ ಎಷ್ಟು ಸಲ, ಎಷ್ಟು ತುಂಬಿದೆವು ಎಂಬ ಅರಿವಾದರೂ ಇರುತ್ತದೆ. ಫ್ಲೋಟ್ ವಾಲ್ವ್ ಬೇಕೇ ಬೇಕೆಂದರೆ ಅದರ ದಾರಿಯಲ್ಲಿ ಸಣ್ಣ ಮೀಟರ್ ಒಂದನ್ನು ಹಾಕಿಸಿ, ವಾರಕ್ಕೊಮ್ಮೆ ಓದಿ.

ಕೈಯಿಂದ ತುಂಬುವಾಗ ಹೋಸಿನ ತುದಿಯನ್ನು ನೀರಿನಲ್ಲಿ ಮುಳುಗಿಸಬೇಡಿ. ನಲ್ಲಿಯ ಕಡೆ ಕಳಚಿದರೆ ಅದು ಸೈಫನ್ ಆಗಿ ಕೊಳದ ನೀರನ್ನೇ ಹೊರತರಬಹುದು. ಸರಬರಾಜಿನ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ಕೊಳದ ನೀರು ಮನೆಯ ಕುಡಿಯುವ ನೀರಿನ ಪೈಪಿಗೂ ಹಿಂದಿರುಗಬಹುದು. ತುದಿಯನ್ನು ಒಂದು ಗೇಣು ಮೇಲೆ ಕಟ್ಟಿ, ನೀರು ಸುರಿಯುವಂತೆ ಬಿಡಿ.

ಒಂಬತ್ತನೆಯ ಹೆಜ್ಜೆ: ಬೇಕೆಂದೇ ಕೆಡಿಸಿ ನೋಡಿ

ಇಷ್ಟೆಲ್ಲ ಆದ ಮೇಲೆ ಬಿಡುವಿರುವ ಒಂದು ಹಗಲು, ಪಕ್ಕದಲ್ಲೇ ನಿಂತುಕೊಂಡು ಪ್ರತಿಯೊಂದು ಅವಘಡವನ್ನೂ ನೀವೇ ನಡೆಸಬೇಕು. ಪ್ಲಗ್ ಕಿತ್ತು, ಫಿಲ್ಟರಿನ ಬಳಿಯ ಹೋಸನ್ನು ಕಳಚಿ ನೆಲಕ್ಕೆ ಬಿಡಿ, ಮತ್ತೆ ಪ್ಲಗ್ ಹಾಕಿ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ. ಫ್ಲೋಟ್ ಸ್ವಿಚ್ ನಿಮ್ಮ ಲೆಕ್ಕದ ಮಟ್ಟದಲ್ಲಿ ಪಂಪನ್ನು ನಿಲ್ಲಿಸಿತೇ? ನಿಂತ ಮೇಲೆ ಸೈಫನ್ ತುಂಡಾಯಿತೇ? ಫಿಲ್ಟರಿನ ಹೊರಬಾಯಿಯನ್ನು ಬಟ್ಟೆಯಿಂದ ಮುಚ್ಚಿದಾಗ ಉಕ್ಕಿದ ನೀರು ಕೊಳಕ್ಕೆ ಬಂತೇ, ಗೋಡೆಯ ಕಡೆಗೆ ಹರಿಯಿತೇ? ಮಟ್ಟ ನಿಮಗೆ ಕಳವಳ ತರುವಷ್ಟು ಇಳಿಯತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಪಂಪಿನ ಬಾಯಿಯನ್ನು ಇನ್ನಷ್ಟು ಎತ್ತರಿಸಿ. ಇಳಿದ ನೀರನ್ನು ಗಿಡಗಳಿಗೆ ಬಿಟ್ಟರೆ ವ್ಯರ್ಥವೂ ಆಗುವುದಿಲ್ಲ.

ಊರಿಗೆ ಹೋಗುವ ಮುಂಚೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಯಾವ ಸಾಧನವನ್ನೂ ಓಡಲು ಬಿಡಬಾರದು. ಜಲಪಾತ, ಕಾರಂಜಿಗಳನ್ನು ನಿಲ್ಲಿಸಬಹುದು, ಏಕೆಂದರೆ ಗಾಳಿ ಪಂಪ್ ಒಂದು ಹನಿಯನ್ನೂ ಕೊಳದಿಂದ ಹೊರಗೊಯ್ಯದೆ ಮೀನುಗಳಿಗೆ ಆಮ್ಲಜನಕ ಒದಗಿಸುತ್ತದೆ. ಫಿಲ್ಟರನ್ನು ಮಾತ್ರ ದಿನಗಟ್ಟಲೆ ನಿಲ್ಲಿಸುವಂತಿಲ್ಲ; ಮೀನುಗಳ ವಿಸರ್ಜನೆಯಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ಅರಗಿಸುವ, ಫಿಲ್ಟರಿನೊಳಗಿನ ಬ್ಯಾಕ್ಟೀರಿಯಗಳು ಹರಿವು ನಿಂತರೆ ಸಾಯುತ್ತವೆ. ಪಕ್ಕದ ಮನೆಯವರಿಗೆ ‘ಸ್ವಲ್ಪ ನೋಡಿಕೊಳ್ಳಿ’ ಎಂದು ಹೇಳುವ ಬದಲು ಬಣ್ಣದ ಗುರುತನ್ನೂ ಪ್ಲಗ್ ಇರುವ ಜಾಗವನ್ನೂ ತೋರಿಸಿ, ನೀರು ಗುರುತಿನಿಂದ ನಾಲ್ಕು ಬೆರಳು ಇಳಿದಿದ್ದರೆ ಪ್ಲಗ್ ಕಿತ್ತು ಫೋನ್ ಮಾಡಿ ಎಂದಷ್ಟೇ ಹೇಳಿ.

ಕೊಳ ಅರ್ಧ ಖಾಲಿಯಾಗಿರುವುದು ಕಂಡರೆ

ಮೊದಲು ಪ್ಲಗ್ ಕೀಳಿ. ಕೂಡಲೇ ಎಲ್ಲ ಹೋಸ್‌ಗಳ ಹೊರತುದಿಗಳನ್ನು ಕೊಳದ ಮಟ್ಟಕ್ಕಿಂತ ಮೇಲೆ ಎತ್ತಿ, ತೂಬು ಮತ್ತು ವಾಲ್ವ್‌ಗಳು ಮುಚ್ಚಿವೆಯೇ ನೋಡಿ. ಬೆನ್ನು ಮುಳುಗುವಷ್ಟು ನೀರಿದ್ದರೆ ಮೀನುಗಳನ್ನು ಹಿಡಿಯುವ ಗೊಡವೆ ಬೇಡ. ಬಲೆಯ ಗಾಬರಿಯೇ ಅವುಗಳಿಗೆ ಹೆಚ್ಚಿನ ಪೆಟ್ಟು. ಗಾಳಿ ಪಂಪ್ ಹಚ್ಚಿ, ತಗ್ಗಿದ ನೀರು ಬಿಸಿಲಿಗೆ ಬೇಗ ಕಾಯುವುದರಿಂದಲೂ ಹಕ್ಕಿಗಳಿಗೆ ಮೀನು ಸುಲಭವಾಗಿ ಸಿಗುವುದರಿಂದಲೂ ಮೇಲೆ ನೆರಳುಬಲೆ ಎಳೆಯಿರಿ.

ಗಾಬರಿಯಲ್ಲಿ ನಲ್ಲಿ ನೀರನ್ನು ಜೋರಾಗಿ ಬಿಡುವುದು ಎರಡನೆಯ ಅವಘಡವಾಗುತ್ತದೆ. ಕ್ಲೋರಿನ್ ಇರುವ ನೀರಾದರೆ ಕ್ಲೋರಿನ್ ನಿವಾರಕವನ್ನು ಬಾಟಲಿಯ ಮೇಲಿನ ಸೂಚನೆಯ ಪ್ರಮಾಣದಲ್ಲಿ ಮೊದಲು ಕೊಳಕ್ಕೆ ಬೆರೆಸಿ, ಆಮೇಲೆ ನೀರನ್ನು ಸಣ್ಣಗೆ, ತುಂತುರಾಗಿ ಬಿಡಿ. ಬರಿಯ ಕ್ಲೋರಿನ್ ಆದರೆ ತೊಟ್ಟಿಯಲ್ಲಿ ಒಂದೆರಡು ದಿನ ಗಾಳಿಯಾಡಿಸಿಟ್ಟ ನೀರಿನಿಂದ ಅದು ಹೊರಟುಹೋಗುತ್ತದೆ. ಕೆಲವು ಕಡೆ ನಲ್ಲಿ ನೀರಿಗೆ ಬೆರೆಸುವ, ಕ್ಲೋರಿನ್ ಮತ್ತು ಅಮೋನಿಯ ಸೇರಿದ ಕ್ಲೋರಮೈನ್ ಹಾಗೆ ಹೋಗುವುದಿಲ್ಲ, ಅದಕ್ಕೆ ನಿವಾರಕ ಬೇಕೇ ಬೇಕು. ಉಳಿದ ನೀರಿಗೂ ಹೊಸ ನೀರಿಗೂ ಉಷ್ಣತೆಯಲ್ಲಿ ತುಂಬ ವ್ಯತ್ಯಾಸವಿದ್ದರೆ ಒಂದೇ ಸಲಕ್ಕೆ ತುಂಬದೆ ಬಿಟ್ಟುಬಿಟ್ಟು ತುಂಬಿ.

ಕಾರಣ ಸಿಕ್ಕಿ ಸರಿಪಡಿಸಿದ ನಂತರವಷ್ಟೇ ಪಂಪ್ ಹಾಕಬೇಕು. ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಅದರೊಳಗಿನ ನೀರು ಕೊಳೆತು ವಾಸನೆ ಹಿಡಿದಿರುತ್ತದೆ; ಅದನ್ನು ಹೊರಚೆಲ್ಲಿ, ಸ್ಪಂಜುಗಳನ್ನು ನಲ್ಲಿ ನೀರಿನಲ್ಲಲ್ಲದೆ ಕೊಳದ ನೀರನ್ನೇ ಬಕೆಟ್ಟಿನಲ್ಲಿ ತೆಗೆದು ಅದರಲ್ಲಿ ಅದ್ದಿ ಹಿಂಡಿ, ಮತ್ತೆ ಜೋಡಿಸಿ. ಮೊದಲ ದಿನ ಮೀನುಗಳಿಗೆ ಆಹಾರ ಹಾಕಬೇಡಿ. ಮುಂದಿನ ಒಂದು ವಾರ ಅಮೋನಿಯ ಮತ್ತು ಅದರಿಂದ ಹುಟ್ಟುವ ನೈಟ್ರೈಟನ್ನು ಪರೀಕ್ಷಾ ಕಿಟ್‌ನಿಂದ ನೋಡುತ್ತ, ಎರಡೂ ಸೊನ್ನೆಯಲ್ಲಿದ್ದರೆ ಮಾತ್ರ ಆಹಾರವನ್ನು ಮೊದಲಿನ ಅಳತೆಗೆ ತನ್ನಿ.